ಬೆನ್ನ ಹಿಂದೆ ನಿಂತು ಊದಿದವರು

ನೀವು ನಿಮ್ಮ ಮನೆದೇವರಿಗೆ ಸಲ್ಲಿಸಿದ ಪ್ರಾರ್ಥನೆಗೆ ಉತ್ತರವು ಬೇರೊಬ್ಬರ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಸಿಕ್ಕಿದರೆ, ಅದನ್ನು ಕೈಚಾಚಿ ಸ್ವೀಕರಿಸುತ್ತೀರಾ, ಇಲ್ಲವೇ ವಿಳಾಸ ತಪ್ಪಿದ ಕಾಗದವೆಂದು ಹಿಂದಿರುಗಿಸುತ್ತೀರಾ?

ಆತ್ಮೀಯ ಭಕ್ತಬಂಧುಗಳೇ, ಕಳೆದ ವರ್ಷದವರೆಗೆ ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿತ್ತು. ನಾನು ಗೌರಿಬಿದನೂರಿನ ಒಬ್ಬ ಗುಮಾಸ್ತರ ಮಗಳು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಓದುವಾಗ ಚರ್ಚಾಸ್ಪರ್ಧೆಯೇ ನನ್ನ ಉಸಿರಾಗಿತ್ತು. ‘ಜಾತ್ಯತೀತ ಸಮಾಜದಲ್ಲಿ ಧರ್ಮವು ಅವರವರ ಹೊಸ್ತಿಲೊಳಗೇ ಇರತಕ್ಕದ್ದು’ ಎಂಬ ವಿಷಯದ ಪರವಾಗಿ ಮಾತಾಡಿ ಗೆದ್ದ ಫಲಕ ಇಂದಿಗೂ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿದೆ. ಆ ಮಾತನ್ನು ನಾನು ಬಹುಮಾನಕ್ಕಾಗಿ ಆಡಿರಲಿಲ್ಲ, ನಂಬಿ ಆಡಿದ್ದೆ. ನನ್ನ ಆಂಜನೇಯಸ್ವಾಮಿ ನನ್ನ ಮನೆಯಲ್ಲಿ, ಅವರ ಅಲ್ಲಾಹು ಅವರ ಮನೆಯಲ್ಲಿ, ನಡುವಿನ ಬೀದಿ ಮಾತ್ರ ಸಂವಿಧಾನದ್ದು. ಹೀಗೆ ಬೇಲಿ ಹಾಕಿಟ್ಟರೆ ಯಾರಿಗೂ ಯಾರಿಂದಲೂ ನೋವಾಗದೆಂದು ತಿಳಿದಿದ್ದೆ. ಮಂತ್ರಿಸಿದ ದಾರ, ಮಂತ್ರ ಹೇಳಿ ಮುಖಕ್ಕೆ ಊದಿಸುವುದು, ನಿವಾಳಿಸುವುದು ಇವೆಲ್ಲ ಆ ಬೇಲಿಯನ್ನು ಕೆಡಿಸುವ ಅಜ್ಞಾನವೆಂದು ಹತ್ತಾರು ವೇದಿಕೆಗಳಲ್ಲಿ ಹೇಳಿದ್ದೇನೆ.

ಈಗ ನಾನು ಚಿಂತಾಮಣಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಕಲಿಸುತ್ತೇನೆ. ಮನೆ ಶಿಡ್ಲಘಟ್ಟದಲ್ಲಿ. ಪತಿ ಶ್ರೀನಿವಾಸ್, ಮೇಲೂರಿನಿಂದ ಬಂದು ನಮ್ಮೊಡನಿರುವ ಅತ್ತೆ ನಾರಾಯಣಮ್ಮ, ಮಗಳು ಚಾರ್ವಿ. ನಾನು ಬರೆಯಹೊರಟಿರುವುದು ಈ ಮಗಳ ವಿಷಯ.

ಸಂಕ್ರಾಂತಿ ಕಳೆದ ಎರಡನೆಯ ವಾರ ಅವಳಿಗೆ ಜ್ವರ ಬಂತು. ಆಗ ಅವಳಿಗೆ ಐದು ವರ್ಷ. ಮೊದಲ ದಿನ ನೆಗಡಿ ಎಂದುಕೊಂಡೆವು. ಎರಡನೆಯ ದಿನ ಮಧ್ಯಾಹ್ನ ಕತ್ತು ಬಿಗಿದುಕೊಂಡು, ಕಣ್ಣು ಮೇಲೆ ಸಿಕ್ಕಿಸಿಕೊಂಡಳು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ನೋಡಿದವರೇ ಬೆಂಗಳೂರಿಗೆ ಬರೆದುಕೊಟ್ಟರು. ಆಂಬುಲೆನ್ಸಿನಲ್ಲಿ ಹೆದ್ದಾರಿಯುದ್ದಕ್ಕೂ ಅತ್ತೆ ಮಗುವಿನ ಪಾದಗಳನ್ನು ತಿಕ್ಕುತ್ತಿದ್ದರು, ನಾನು ಹನುಮನ ನಾಮವನ್ನು ಬಿಡದೆ ಹೇಳುತ್ತಿದ್ದೆ. ಮೆದುಳಿನ ಪೊರೆಗೆ ಸೋಂಕು ತಗುಲಿದೆ ಎಂದರು. ಹದಿಮೂರು ದಿನ ಆಸ್ಪತ್ರೆಯಲ್ಲಿದ್ದೆವು. ಹದಿನಾಲ್ಕನೆಯ ದಿನ ಅವಳು ತನ್ನ ಕಾಲ ಮೇಲೆ ನಿಂತು, ಅಜ್ಜಿಯ ಬೆರಳು ಹಿಡಿದು ವಾರ್ಡಿನಿಂದ ಹೊರಗೆ ನಡೆದಳು. ಅಂದೇ ಪ್ರಾರ್ಥನೆ ಫಲಿಸಿತು ಎಂದುಕೊಂಡು ನಮ್ಮ ಬೀದಿಯ ಆಂಜನೇಯನಿಗೆ ವೀಳ್ಯದೆಲೆಯ ಹಾರ ಹಾಕಿಸಿದೆವು.

ಆದರೆ ಮಗು ಮಾತಾಡಲಿಲ್ಲ.

ಮೊದಲಿಗೆ ಒಂದೆರಡು ಶಬ್ದ ಬರುತ್ತಿದ್ದವು, ಅವೂ ತೊದಲು. ಆಮೇಲೆ ಅವೂ ನಿಂತವು. ಬೆಳಿಗ್ಗೆಯಿಂದ ಸಂಜೆಯವರೆಗೆ ಪ್ರಶ್ನೆ ಕೇಳಿ ಸುಸ್ತು ಮಾಡುತ್ತಿದ್ದ ಹುಡುಗಿ ಜಗಲಿಯ ಮೂಲೆಯಲ್ಲಿ ಕೂತು ಬೀದಿ ನೋಡುತ್ತಿದ್ದಳು. ‘ನಿಶ್ಶಕ್ತಿ’ ಎಂದರು ನೆಂಟರು. ‘ಸೂಜಿಗೆ ಹೆದರಿಕೊಂಡಿದೆ’ ಎಂದರು ನೆರೆಯವರು. ನನಗೂ ಹಾಗೆಯೇ ಅನ್ನಿಸಿತು. ಭಯದಿಂದ ಹೋದ ಮಾತನ್ನು ಅಭ್ಯಾಸದಿಂದ ತರಬಹುದೆಂದು ವೇಳಾಪಟ್ಟಿ ಹಾಕಿದೆ. ಶಾಲೆಯಿಂದ ಬಂದ ಮೇಲೆ ದಿನಕ್ಕೊಂದು ಗಂಟೆ ಅವಳನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ತೋರಿಸಿ ಹೆಸರು ಹೇಳಿಸಲು ಯತ್ನಿಸುತ್ತಿದ್ದೆ.

ಇಲ್ಲಿ ನನ್ನ ಒಂದು ಅಭ್ಯಾಸವನ್ನು ಹೇಳಬೇಕು, ಏಕೆಂದರೆ ನನ್ನ ತಪ್ಪು ಅದರಲ್ಲೇ ಇತ್ತು. ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡಿದ ಅಧ್ಯಾಪಕರು ಮೊದಲ ದಿನವೇ ಹೇಳಿದ್ದರು, ಕೇಳುವವರ ಕಣ್ಣು ಸಿಗುವವರೆಗೆ ಬಾಯಿ ತೆರೆಯಬಾರದು ಎಂದು. ಅದು ನನಗೆ ರಕ್ತಗತವಾಗಿದೆ. ತರಗತಿಯಲ್ಲಾಗಲಿ ಮನೆಯಲ್ಲಾಗಲಿ ನಾನು ಯಾರ ಬೆನ್ನಿಗೂ ಮಾತಾಡುವುದಿಲ್ಲ. ಮಗಳೊಡನೆಯೂ ಅಷ್ಟೇ. ಗಲ್ಲ ಹಿಡಿದು ಮುಖ ತಿರುಗಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು, ಆಮೇಲೆ ಮಾತು. ಅದನ್ನು ನಾನು ಒಳ್ಳೆಯ ತಾಯ್ತನವೆಂದು ತಿಳಿದಿದ್ದೆ.

ಒಂದು ಭಾನುವಾರ ಬೆಳಿಗ್ಗೆ ನಾನು ತಾಳ್ಮೆ ಕಳೆದುಕೊಂಡೆ. ‘ಅಮ್ಮ ಅನ್ನು. ಅಮ್ಮ. ಅಮ್ಮ ಅನ್ನು ಚಾರ್ವಿ.’ ಎಷ್ಟು ಸಲ ಹೇಳಿದೆನೋ ತಿಳಿಯದು. ಧ್ವನಿ ಏರುತ್ತಾ ಹೋಯಿತು. ಅವಳು ನನ್ನನ್ನೇ ದಿಟ್ಟಿಸುತ್ತಾ, ಮೆಲ್ಲನೆ ತನ್ನ ಅಂಗೈಯನ್ನು ನನ್ನ ತುಟಿಗಳ ಮೇಲಿಟ್ಟಳು. ಸಾಕು, ನಿಲ್ಲಿಸು ಎನ್ನುತ್ತಿದ್ದಾಳೆ ಎಂದು ನನಗೆ ತೋರಿತು. ಎದ್ದು ಹೋಗಿ ಬಚ್ಚಲುಮನೆಯಲ್ಲಿ ಅತ್ತುಬಿಟ್ಟೆ.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಅತ್ತೆಯವರು ತಾವು ಮೂರು ವಾರದಿಂದ ನುಂಗಿಕೊಂಡಿದ್ದ ಮಾತನ್ನು ಹೊರಗೆ ತೆಗೆದರು.

“ಒಂದ್ ಕಿತ ಮಸೀದಿ ತಾವ ಊದಿಸ್ಕೊಂಡ್ ಬರಣ ಕಣಮ್ಮ. ಗುರುವಾರ ಸಾಯಂಕಾಲ ನಮಾಜು ಮುಗಿಸ್ಕೊಂಡು ಬರ್ತಾರಲ್ಲ, ಆವಾಗ.”

“ಅತ್ತೆ, ಊದಿದರೆ ಕಾಯಿಲೆ ವಾಸಿಯಾಗತ್ತೆ ಅನ್ನೋದಕ್ಕೆ ಆಧಾರ ಏನು?”

“ಆಧಾರಾನಾ? ಅಗೋ ಕೂತವ್ನಲ್ಲ ಪೇಪರ್ ಹಿಡ್ಕೊಂಡು, ಅವ್ನೇ ಆಧಾರ. ಎರಡು ವರ್ಷದವ್ನಿದ್ದಾಗ ಇವತ್ತೋ ನಾಳೆಯೋ ಅಂತಿದ್ದ. ಮೇಲೂರಿಂದ ಹೊತ್ಕೊಂಡ್ ಬಂದು ಅದೇ ಮಸೀದಿ ಬಾಗ್ಲಲ್ಲಿ ನಿಂತಿದ್ದೆ.”

ಶ್ರೀನಿವಾಸ್ ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿಕೊಂಡರು.

“ಅವರಿಗೆ ಆಗ ಔಷಧಿಯನ್ನೂ ಕೊಡಿಸಿದ್ರಿ ತಾನೆ?”

“ಕೊಡಿಸ್ದೆ. ಅದನ್ಯಾರು ಬೇಡ ಅಂದ್ರು? ಔಸ್ದಿ ಹೊಟ್ಟೆಗೆ, ಅದು ಉಸಿರಿಗೆ. ನೀನು ಕಾಲೇಜಲ್ಲಿ ಕಪ್ ತಗೊಂಡವ್ಳು, ನಿನ್ ಜೊತೆ ಮಾತಾಡಿ ನಾನ್ ಗೆಲ್ತೀನಾ? ಗೆಲ್ಲೋದು ಬೇಡ. ಮಗೂನ ಕೊಡು ಸಾಕು.”

ನಾನು ಕೊಡಲಿಲ್ಲ. ಆದರೆ ಸಂಜೆ ಆಂಜನೇಯನ ಗುಡಿಯಲ್ಲಿ ಎಲ್ಲರೂ ಹೊರಟ ಮೇಲೆ ಕಂಬಕ್ಕೊರಗಿ ಕುಳಿತಾಗ, ನನ್ನ ಬಾಯಿಂದ ಹೊರಟ ಪ್ರಾರ್ಥನೆ ನನಗೇ ಹೊಸದಾಗಿತ್ತು. ಅದುವರೆಗೆ ನಾನು ಸ್ವಾಮಿಯ ಮುಂದೆಯೂ ವಾದವನ್ನೇ ಮಂಡಿಸುತ್ತಿದ್ದೆ. ನನ್ನ ಮಗು ನಿರಪರಾಧಿ, ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ, ಆದ್ದರಿಂದ ಇಂತಿಂಥದು ಆಗಬೇಕು ಎಂದು. ಅಂದು ಹೇಳಿದೆ: “ಸ್ವಾಮಿ, ನನ್ನಲ್ಲಿ ಇನ್ನು ಹೇಳುವುದೇನೂ ಉಳಿದಿಲ್ಲ. ಯಾವ ದಾರಿಯಾದರೂ ಸರಿ, ತೋರಿಸು.”

ಗುರುವಾರ ನಾನು ಚಿಂತಾಮಣಿಯ ಬಸ್ಸಿಳಿದು ಮನೆಗೆ ಬಂದಾಗ ಅತ್ತೆ ಮಗುವಿಗೆ ತಲೆ ಬಾಚಿ, ಹೊಸ ಲಂಗ ಹಾಕಿ, ನೀರಿನ ಸ್ಟೀಲು ಡಬ್ಬಿ ಹಿಡಿದು ನಿಂತಿದ್ದರು. ‘ಯಾವ ದಾರಿಯಾದರೂ ಸರಿ’ ಎಂದು ಹೇಳಿ ಬಂದವಳು ಈಗ ಈ ದಾರಿ ಮಾತ್ರ ಬೇಡ ಎಂದರೆ, ಅದು ಪ್ರಾರ್ಥನೆಯಲ್ಲ, ಷರತ್ತು. ಹೊರಟೆ. ಸತ್ಯ ಹೇಳಬೇಕೆಂದರೆ ನಂಬಿಕೆಯಿಂದ ಹೊರಡಲಿಲ್ಲ. ಇಷ್ಟು ವರ್ಷ ಯಾವುದನ್ನು ಖಂಡಿಸುತ್ತಾ ಬಂದೆನೋ ಅದನ್ನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ ಎಂಬುದು ಅಂದು ಮೊದಲ ಬಾರಿಗೆ ಹೊಳೆದು, ನನ್ನೊಳಗೆ ಕುತೂಹಲ ಎದ್ದಿತ್ತು. ವ್ಯಾನಿಟಿ ಬ್ಯಾಗಿನಲ್ಲಿ ಒಂದು ಪುಟ್ಟ ಪುಸ್ತಕ, ಪೆನ್ನು ಇಟ್ಟುಕೊಂಡೆ.

ಆ ಬೀದಿಯಲ್ಲಿ ರೇಷ್ಮೆ ಬಿಚ್ಚುವ ಮನೆಗಳೇ ಹೆಚ್ಚು. ಬೇಯಿಸಿದ ಗೂಡಿನ ವಾಸನೆ ತಿರುವಿನಲ್ಲೇ ಎದುರಾಗುತ್ತದೆ. ಮಸೀದಿಯ ಮೆಟ್ಟಿಲಿನಿಂದ ಚರಂಡಿಯ ಕಲ್ಲಿನವರೆಗೆ ಹನ್ನೊಂದು ಜನ ಹೆಂಗಸರು ಸಾಲಾಗಿ ನಿಂತಿದ್ದರು. ನಾನು ಎಣಿಸಿ ಬರೆದುಕೊಂಡೆ. ಕುಂಕುಮ ಇಟ್ಟವರು ಎಂಟು, ಬುರ್ಖಾದವರು ಮೂರು. ಎಲ್ಲರ ಕಂಕುಳಲ್ಲೋ ಕಾಲ ಬಳಿಯೋ ಮಕ್ಕಳು. ನಿಂತಿದ್ದುದು ಸಾರ್ವಜನಿಕ ಬೀದಿಯಲ್ಲಿ, ಆದರೂ ಎಲ್ಲರೂ ಚಪ್ಪಲಿ ಬಿಟ್ಟಿದ್ದರು. ಯಾರ ಅಪ್ಪಣೆಯಂತೆ? ಯಾರನ್ನು ಕೇಳಿದರೂ ತಿಳಿಯದು. ನಾನೂ ಬಿಟ್ಟೆ.

“ಮೊದಲ್ನೇ ಸಲಾನಾ?” ಎಂದಳು ಪಕ್ಕದಲ್ಲಿ ಕೂಸನ್ನೆತ್ತಿ ನಿಂತಿದ್ದ ಮೇಲೂರಿನ ಹೆಂಗಸು. “ಮಗು ಕೂದಲು ಬಿಚ್ಚಿ ಬಿಡ್ರಿ, ಗಾಳಿ ತಾಕ್ಬೇಕು. ಏನ್ ಬರ್ಕೊಂತಾ ಇದೀರಿ? ಸರ್ಕಾರದಿಂದ ಬಂದಿದೀರಾ?”

“ಇಲ್ಲಮ್ಮ, ನನಗೋಸ್ಕರ.”

“ಓದಿರೋರು, ಬುಡಿ, ಬರೀದಿದ್ರೆ ನಿದ್ದೆ ಬರಲ್ಲ,” ಎಂದು ಅತ್ತೆ ಅವಳಿಗೆ ವಿವರಿಸಿದರು.

ಪ್ರಾರ್ಥನೆ ಮುಗಿದು ಗಂಡಸರು ಹೊರಬಂದರು. ಒಬ್ಬೊಬ್ಬರೂ ಸಾಲಿನ ಮುಂದೆ ನಡೆಯುತ್ತಾ ತುಟಿಯಲ್ಲೇ ಏನೋ ಹೇಳಿಕೊಂಡು, ಪ್ರತಿ ಮಗುವಿನ ಮುಖದ ಮೇಲೂ ಒಮ್ಮೆ ಊದಿ ಮುಂದೆ ಹೋಗುತ್ತಿದ್ದರು. ಉಗುರಲ್ಲಿ ಗ್ರೀಸು ಕಟ್ಟಿದ್ದ ಮೆಕ್ಯಾನಿಕ್ಕು, ನಮ್ಮ ಬೀದಿಗೆ ಸೊಪ್ಪು ತರುವವರು, ಅಂಗಡಿಯನ್ನು ತೆರೆದಿಟ್ಟೇ ಬಂದಿದ್ದ ದರ್ಜಿ. ಅವಸರದಲ್ಲಿದ್ದವರು ಇಡೀ ಸಾಲಿಗೆ ಒಂದೇ ಉಸಿರಲ್ಲಿ ಊದಿ ಓಡುತ್ತಿದ್ದರು. ಒಬ್ಬರ ಉಸಿರಿನಲ್ಲಿ ಲವಂಗದ ಪರಿಮಳವಿತ್ತು. ಚಾರ್ವಿ ಕಣ್ಣು ಪಿಳುಕಿಸಿ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಕ್ಕಳು.

ಕನ್ನಡಕ ಹಾಕಿದ್ದ ಒಬ್ಬ ಗಂಡಸು ಮಾತ್ರ ಊದಲಿಲ್ಲ. ನಮ್ಮೆದುರು ನಿಂತು, ಬೇಸರದಿಂದಲ್ಲ, ಕಳಕಳಿಯಿಂದಲೇ ಹೇಳಿದರು: “ಡಾಕ್ಟರ್ ಹತ್ರ ಕರ್ಕೊಂಡ್ ಹೋಗೀಮ್ಮ. ಓದಿರೋರ ಥರ ಕಾಣ್ತೀರಿ. ಇಲ್ಯಾಕೆ ನಿಂತಿದೀರಿ?”

ನನಗೆ ಆದ ಆಶ್ಚರ್ಯವನ್ನು ಹೇಗೆ ಹೇಳಲಿ? ಅದು ನಾನು ವೇದಿಕೆಯ ಮೇಲೆ ಹೇಳುತ್ತಿದ್ದ ಮಾತು, ಅಕ್ಷರಶಃ. ಇವರು ನನ್ನದೇ ಪಕ್ಷದವರು. ಆದರೆ ಆ ಮಾತು ಮಗು ಹಿಡಿದು ನಿಂತವಳ ಕಿವಿಗೆ ಎಷ್ಟು ದೂರದಿಂದ ಬಂದಂತೆ ಕೇಳಿಸುತ್ತದೆ ಎಂಬುದು ಅಂದು ತಿಳಿಯಿತು.

ಉಳಿದ ಗಂಡಸರೆಲ್ಲ ಹೋದ ಮೇಲೆ ಕೊನೆಯಲ್ಲೊಬ್ಬರು ಬಂದರು. ಅರವತ್ತು ದಾಟಿದ ತೆಳುವಾದ ದೇಹ, ಬಿಸಿನೀರಿನಲ್ಲಿ ನೆನೆನೆನೆದು ಬಿಳಿಚಿ ಸುಕ್ಕುಗಟ್ಟಿದ ಬೆರಳುಗಳು. ರೇಷ್ಮೆ ಬಿಚ್ಚುವ ಕೆಲಸದ ಪ್ಯಾರೇಜಾನ್ ಸಾಬರು. ಅವರು ಮಕ್ಕಳ ಎದುರಿಗೆ ನಿಲ್ಲಲಿಲ್ಲ. ತಾಯಿಯನ್ನು ಕೇಳಿ ಮಗುವಿನ ಹೆಸರು ತಿಳಿದುಕೊಂಡು, ಮಗುವಿನ ಹಿಂದೆ ಹೋಗಿ ಹೆಸರು ಹಿಡಿದು ಕರೆದು, ಆಮೇಲೆ ಕತ್ತಿನ ಮೇಲೆ ಊದುತ್ತಿದ್ದರು.

“ಸಾಬ್ರುದು ಯಾವಾಗ್ಲೂ ಉಲ್ಟಾನೇ,” ಎಂದು ಮೇಲೂರಿನ ಹೆಂಗಸು ನಕ್ಕಳು. “ಎಲ್ಲಾ ಮುಖಕ್ಕೆ ಊದಿದ್ರೆ ಇವ್ರು ಬೆನ್ನಿಗೆ.”

“ಮುಂದ್ಗಡೆ ಊದೋರು ಬೇಕಾದಷ್ಟ್ ಜನ ಅವ್ರೆ ತಾಯಿ. ಹಿಂದ್ಗಡೆ ನಂಗೇ ಬಿಟ್ಟವ್ರೆ,” ಎಂದರು ಅವರು ಗಂಭೀರವಾಗಿ.

ನಾನು ಇದನ್ನೂ ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಮ್ಮ ಸರದಿ ಬಂತು.

“ಚಾರ್ವಮ್ಮಾ,” ಎಂದರು ಹಿಂದಿನಿಂದ. “ಏ ಚಾರ್ವಮ್ಮಾ.”

ಅವಳು ಬೀದಿ ನೋಡುತ್ತಿದ್ದಳು. ಅವರು ಊದಿದರು. ಭುಜ ಕುಣಿಸಿ ತಟ್ಟನೆ ತಿರುಗಿದಳು. ಅವರು ನಕ್ಕು, ಅವಳನ್ನು ಮತ್ತೆ ನನ್ನ ಕಡೆಗೆ ತಿರುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಈ ಸಲ ಊದದೆ ಗಟ್ಟಿಯಾಗಿ ಕರೆದರು. ಪಕ್ಕದ ಕೂಸು ತಿರುಗಿತು. ಬೀದಿಯಾಚೆ ಹೋಗುತ್ತಿದ್ದವರು ತಿರುಗಿದರು. ನನ್ನ ಮಗಳು ತಿರುಗಲಿಲ್ಲ.

“ಅಮ್ಮಾ, ಒಂದ್ ಮಾತ್ ಹೇಳ್ತೀನಿ, ತಪ್ಪ್ ತಿಳ್ಕೋಬೇಡಿ. ಮಗೂಗೆ ಕೇಳಿಸ್ತಾ ಇಲ್ಲ.”

“ಕೇಳಿಸತ್ತೆ,” ಎಂದೆ ನಾನು, ತರಗತಿಯ ಧ್ವನಿಯಲ್ಲಿ. “ಅವಳಿಗೆ ಮಾತು ಮಾತ್ರ ನಿಂತಿದೆ. ಕರೆದರೆ ನನ್ನನ್ನು ನೋಡ್ತಾಳೆ.”

“ಕರೆದ್ರೆ ನೋಡ್ತಾಳಾ? ಇಲ್ಲಾ ನೋಡಿದ್ಮೇಲೆ ನೀವು ಕರೀತೀರಾ?”

ಗಲ್ಲ ಹಿಡಿದು ಮುಖ ತಿರುಗಿಸಿಕೊಳ್ಳುವ ನನ್ನ ಕೈ ನನಗೇ ಕಂಡಿತು.

ಅವರು ಅತ್ತೆಯ ಡಬ್ಬಿಯ ಮುಚ್ಚಳ ತೆಗೆದುಕೊಂಡು, ಚಾರ್ವಿಯ ಬೆನ್ನ ಹಿಂದೆ ಮಸೀದಿಯ ಕಲ್ಲುಮೆಟ್ಟಿಲ ಮೇಲೆ ಬಿಟ್ಟರು. ಕೂಸು ಕಿಟಾರನೆ ಅತ್ತಿತು. ಚಾರ್ವಿ ತನ್ನ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ನನ್ ತಮ್ಮನೂ ಹಿಂಗೇ,” ಎಂದರು ಪ್ಯಾರೇಜಾನ್ ಸಾಬರು, ಮುಚ್ಚಳವನ್ನು ಒರೆಸಿ ಅತ್ತೆಗೆ ಕೊಡುತ್ತಾ. “ಏಳ್ ವರ್ಷದವ್ನಿಗೆ ಮಿದುಳ್ ಜ್ವರ ಬಂತು. ಜ್ವರ ಹೋಯ್ತು, ಮಾತೂ ಹೋಯ್ತು. ನಮ್ಮಪ್ಪ ಕಾಣ್ದಿದ್ದ ದರ್ಗಾ ಇಲ್ಲ, ನಿಮ್ಮ ದೇವಸ್ಥಾನಾನೂ ಬಿಡ್ಲಿಲ್ಲ. ಎಲ್ರೂ ಎದುರ್ಗೇ ನಿಂತು ಊದಿದ್ರು, ಎದುರ್ಗೇ ನಿಂತು ವಿಭೂತಿ ಇಟ್ರು. ಹಿಂದೆ ನಿಂತು ಕರೆದೋರು ಒಬ್ರೂ ಇಲ್ಲ. ಕಿವಿ ಹೋಗಿತ್ತು ಅಂತ ಗೊತ್ತಾಗೋ ಹೊತ್ತಿಗೆ ಮೀಸೆ ಬಂದಿತ್ತು. ಈಗ ನನ್ ಪಕ್ಕದ್ ಬಿಸ್ನೀರ್ ಬಾಂಡ್ಲೀಲೇ ಕೆಲ್ಸ ಮಾಡ್ತಾನೆ. ಚಂದ ನೂಲ್ ತೆಗೀತಾನೆ, ಏನ್ ಮಾಡೋದು.”

ಆಮೇಲೆ ತಮ್ಮ ಕೆಲಸದ ಮಾತಿನಲ್ಲೇ ಹೇಳಿದರು. ಬಿಸಿನೀರಿನಲ್ಲಿ ಹಾಕಿದ ಗೂಡುಗಳು ನೂಲು ಎಳೆಯುವಷ್ಟು ಹೊತ್ತೂ ಕುಣಿಯುತ್ತಿರುತ್ತವೆ. ಎಳೆ ಕಡಿದ ಗೂಡು ಮಾತ್ರ ಸುಮ್ಮನೆ ತೇಲುತ್ತದೆ. ಅಷ್ಟು ಗೂಡಿನ ನಡುವೆ ಸುಮ್ಮನಿರುವುದನ್ನು ಕಂಡುಹಿಡಿಯುವುದೇ ಅವರ ಕೆಲಸ. “ಕರೆದಾಗ ಎಲ್ಲಾ ಮಕ್ಳೂ ಕುಣೀತವೆ. ನಿಮ್ದು ತೇಲ್ತಾ ಇತ್ತು. ತಡ ಮಾಡ್ಬೇಡಿ ತಾಯಿ.”

“ನಡಿಯೇ ಅಮ್ಮ, ಏನ್ ನಿಂತ್ಕೊಂಡ್ ನೋಡ್ತೀಯಾ?” ಎಂದು ಅತ್ತೆ ನನ್ನ ರಟ್ಟೆ ಹಿಡಿದು ಎಳೆದರು. ಆಗ ಅವರು ಅಳುತ್ತಿದ್ದರು, ನಾನಲ್ಲ.

ಮನೆಗೆ ಬಂದವಳೇ ಆಸ್ಪತ್ರೆಯ ಕಡತ ತೆಗೆದೆ. ಬಿಡುಗಡೆಯ ಚೀಟಿಯ ಕೊನೆಯಲ್ಲಿ, ಔಷಧಿಗಳ ಪಟ್ಟಿಯ ಕೆಳಗೆ, ‘ಕಿವಿಯ ಪರೀಕ್ಷೆ ಮಾಡಿಸತಕ್ಕದ್ದು’ ಎಂದು ಸ್ಪಷ್ಟವಾಗಿ ಬರೆದಿತ್ತು. ಅದನ್ನು ನಾನು ಅಂದೇ ಓದಿದ್ದೆ. ಓದಿ, ಇವಳಿಗೆ ಕೇಳಿಸುತ್ತದೆಯಲ್ಲ ಎಂದು ಮಡಿಸಿಟ್ಟಿದ್ದೆ. ಆಧಾರ ಕೇಳುವವಳು ನಾನು, ಆಧಾರವೇ ಕೇಳದೆ ನಂಬಿದ್ದ ವಿಷಯ ಅದೊಂದೇ.

ಮರುದಿನ ಮೊದಲ ಬಸ್ಸಿಗೆ ಬೆಂಗಳೂರು. ಗಾಜಿನ ಕೋಣೆ, ತಲೆಗೆ ಅಂಟಿಸಿದ ತಂತಿಗಳು, ಆಮೇಲೆ ಒಳಗಿವಿಯ ಚಿತ್ರ. ವೈದ್ಯೆ ಚಿತ್ರವನ್ನು ಬೆಳಕಿಗೆ ಹಿಡಿದು ಹೇಳಿದರು, ಈ ಸೋಂಕಿನ ಮೇಲೆ ಒಳಗಿವಿಯ ಸುರುಳಿ ಗಟ್ಟಿಯಾಗುತ್ತಾ ಹೋಗುತ್ತದೆ, ಎಡಗಡೆ ಆಗಲೇ ಮುಚ್ಚಿಕೊಳ್ಳುತ್ತಿದೆ, ಬಲಗಡೆ ಇನ್ನೂ ತೆರೆದಿದೆ. ಇನ್ನು ಕೆಲವು ತಿಂಗಳು ಬಿಟ್ಟು ಬಂದಿದ್ದರೆ ಎರಡರಲ್ಲೂ ಶಬ್ದ ಕೇಳಿಸುವ ಯಂತ್ರ ಇಡುವುದು ಕಷ್ಟವಾಗುತ್ತಿತ್ತು.

“ಕೇಳಿಸ್ತಿಲ್ಲ ಅಂತ ಯಾರು ಕಂಡುಹಿಡಿದದ್ದು?” ಎಂದು ಕೇಳಿದರು.

“ಮಸೀದಿಯ ಬಾಗಿಲಲ್ಲಿ ಊದುವವರೊಬ್ಬರು,” ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಅವರನ್ನ ನಮ್ಮ ಹೊರರೋಗಿ ವಿಭಾಗಕ್ಕೆ ಕಳಿಸಿ,” ಎಂದರು.

ಯುಗಾದಿಗೆ ಮುಂಚೆಯೇ ಬಲಗಿವಿಯ ಶಸ್ತ್ರಚಿಕಿತ್ಸೆಯಾಯಿತು. ಆ ಬೆಳಿಗ್ಗೆ ಅತ್ತೆಯ ಸೆರಗಿನ ಗಂಟಿನಲ್ಲಿ ಆಂಜನೇಯನ ಸಿಂಧೂರವಿತ್ತು, ಕೈಯಲ್ಲಿ ಪ್ಯಾರೇಜಾನ್ ಸಾಬರು ಊದಿಕೊಟ್ಟ ನೀರಿನ ಅದೇ ಡಬ್ಬಿ. ದಾದಿ ಮಗುವಿನ ಬಾಯಿಗೆ ಏನೂ ಹಾಕಕೂಡದೆಂದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಡಬ್ಬಿ ಖಾಲಿ.

“ಅವಳ ಪರವಾಗಿ ನಾನೇ ಕುಡಿದೆ,” ಎಂದರು ಅತ್ತೆ. “ನಂದೂ ಅವಳ್ದೂ ಒಂದೇ ರಕ್ತ ಅಲ್ವಾ?”

ಯಂತ್ರಕ್ಕೆ ಜೀವ ಕೊಟ್ಟ ದಿನ ಚಾರ್ವಿ ಹೆದರಿ ಅತ್ತಳು. ತನ್ನ ಅಳು ತನಗೇ ಕೇಳಿಸಿ ಥಟ್ಟನೆ ನಿಲ್ಲಿಸಿದಳು. ನಾಲ್ಕು ವಾರ ಪ್ರತಿ ಶನಿವಾರ ಬಸ್ಸಿನಲ್ಲಿ ತರಬೇತಿಗೆ ಹೋಗಿ ಬಂದೆವು. ಒಂದು ದಿನ ಸ್ಕಂದಗಿರಿಯ ಕಡೆಯ ಗುಡ್ಡಗಳು ಕಿಟಕಿಯಲ್ಲಿ ಸರಿಯುತ್ತಿದ್ದಾಗ, ಕಂಡಕ್ಟರ್ ಹಿಂದಿನಿಂದ “ಚಿಕ್‌ಬಳ್ಳಾಪುರ ಯಾರ್ರೀ?” ಎಂದು ಕೂಗಿದರು. ಅವಳು ತಿರುಗಿ ನೋಡಿದಳು. ನಾನು ಸೀಟಿನ ಕಂಬಿ ಹಿಡಿದುಕೊಂಡು ಕಣ್ಣು ಮುಚ್ಚಿದೆ.

ಮಾತು ನಿಧಾನವಾಗಿ ಮರಳಿತು. ‘ಅಮ್ಮ’ ಬಂತು, ‘ಅಜ್ಜಿ ಬಾಯ್ಮುಚ್ಚು’ ಕೂಡ ಬಂತು. ಆ ಭಾನುವಾರ ನನ್ನ ತುಟಿಯ ಮೇಲೆ ಯಾಕೆ ಕೈ ಇಟ್ಟೆ ಎಂದು ನಾನು ಒಂದು ದಿನ ಕೇಳಿದಾಗ ಹೇಳಿದಳು: “ನನ್ ಮಾತು ಕಳ್ದೋಗಿತ್ತಲ್ಲ, ನಿನ್ ಬಾಯಲ್ಲಿದೆಯಾ ಅಂತ ನೋಡ್ದೆ.”

ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು: “ಮೇಡಂ, ಆಂಜನೇಯನ ಭಕ್ತರು ನೀವು. ಅಲ್ಲಿಗೆ ಯಾಕೆ ಹೋಗಬೇಕಿತ್ತು?” ಇನ್ನೊಬ್ಬರು ಇದಕ್ಕೆ ವಿರುದ್ಧವಾದ ಆಕ್ಷೇಪ ಎತ್ತಿದರು: ಇದರಲ್ಲಿ ದೇವರೆಲ್ಲಿ ಬಂದ, ಒಬ್ಬ ಅನುಭವಸ್ಥರು ಗಮನಿಸಿದರು, ವೈದ್ಯರು ವಾಸಿ ಮಾಡಿದರು. ಎರಡೂ ನನ್ನವೇ ಹಳೆಯ ವಾದಗಳಾದ್ದರಿಂದ ಗೌರವದಿಂದಲೇ ಆಲಿಸಿದೆ. ಉತ್ತರವನ್ನು ಇಂದಿಗೂ ಹುಡುಕುತ್ತಿದ್ದೇನೆ.

ಆ ಊದುವ ವಿಧಿ ಯಾರದು? ಅಲ್ಲಿ ನಿಲ್ಲುವ ತಾಯಂದಿರಿಗೆ ಆ ತುಟಿಗಳ ಮೇಲಿನ ವಾಕ್ಯದ ಅರ್ಥ ಗೊತ್ತಿಲ್ಲ. ಊದುವವರಿಗೆ ತಾಯಂದಿರ ಮನೆದೇವರ ಹೆಸರು ಗೊತ್ತಿಲ್ಲ. ನಮ್ಮ ಪುರೋಹಿತರು ಹೋಗಿ ಎಂದವರಲ್ಲ, ಅವರಲ್ಲೂ ಕನ್ನಡಕದವರಂತೆ ಬೇಡ ಎನ್ನುವವರಿದ್ದಾರೆ. ಯಾರೂ ತಮ್ಮದೆಂದು ಹೇಳಿಕೊಳ್ಳದ ಆ ಹದಿನೈದು ನಿಮಿಷದಲ್ಲಿ, ಕಾಯಿಲೆಯ ಒಂದು ಮಗುವಿನ ಮುಖವನ್ನು ಊರಿನ ನಲವತ್ತು ಜನ ನಿಂತು ನೋಡುತ್ತಾರೆ. ನಾನು ಹಾಕಿದ್ದ ಬೇಲಿಯೊಳಗೆ ನನ್ನ ಮಗುವನ್ನು ನೋಡುತ್ತಿದ್ದವರು ಮೂವರು, ಆ ಮೂವರೂ ಅವಳ ಎದುರಿಗೇ ನಿಂತಿದ್ದೆವು. ನನ್ನ ಫಲಕದ ವಿಷಯವನ್ನು ಇಂದು ಮತ್ತೆ ಕೊಟ್ಟರೆ ನಾನು ವಿರೋಧ ಪಕ್ಷದ ಕುರ್ಚಿಯಲ್ಲಿ ಕೂರುತ್ತೇನೆ. ನಾನು ಕೇಳಿದ್ದು ಮಾತು, ಸ್ವಾಮಿ ಕೊಟ್ಟದ್ದು ಒಂದು ಪ್ರಶ್ನೆ. ಅದನ್ನು ಕೇಳಲು ಸ್ವಾಮಿ ಆರಿಸಿಕೊಂಡದ್ದು, ಅದೇ ಪ್ರಶ್ನೆಯನ್ನು ಯಾರೂ ಕೇಳದೆ ತಮ್ಮನ ಕಿವಿ ಕಳೆದುಕೊಂಡ ಒಬ್ಬ ಅಣ್ಣನನ್ನು. ಇದನ್ನು ಆಕಸ್ಮಿಕವೆನ್ನಲು ನನ್ನ ಬುದ್ಧಿ ಒಪ್ಪಬಹುದು, ಮನಸ್ಸು ಒಪ್ಪುತ್ತಿಲ್ಲ.

ಶ್ರಾವಣದ ಒಂದು ಗುರುವಾರ ಮತ್ತೆ ಹೋದೆವು. ಈ ಸಲ ಕೇಳುವುದೇನೂ ಇರಲಿಲ್ಲ. ಗುಡಿಯ ಪ್ರಸಾದದ ಬಾಳೆಹಣ್ಣು ಕೊಟ್ಟೆ. ಪ್ಯಾರೇಜಾನ್ ಸಾಬರು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟುಕೊಂಡರು.

“ನಿಮಗೆ ಸರಿಹೋಗುತ್ತಾ?” ಎಂದು ಹಿಂಜರಿಯುತ್ತಾ ಕೇಳಿದೆ.

“ಹಣ್ಣಲ್ವಾ ತಾಯಿ? ನಮ್ಮನೆ ಮಕ್ಳಿಗೆ ಮೈಮೇಲೆ ಗುಳ್ಳೆ ಬಂದು ಅಮ್ಮ ಎದ್ರೆ ನಮ್ ಹೆಂಗಸ್ರು ಗಂಗಮ್ಮನ ಗುಡೀಗೆ ಮೊಸರನ್ನ ತಗೊಂಡ್ ಹೋಗಿ ತಂಪು ಮಾಡ್ಕೊಂಡ್ ಬರ್ತಾರೆ. ಯಾಕ್ ಬಂದ್ರಿ ಅಂತ ನಿಮ್ಮೋರು ಯಾವತ್ತೂ ಕೇಳಿಲ್ಲ.”

ನಾನು ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. “ಊದಿದರೆ ನಿಜವಾಗಿ ವಾಸಿಯಾಗತ್ತಾ ಸಾಬ್ರೇ?”

ಅವರು ಮೇಲಕ್ಕೆ ಕೈ ತೋರಿಸಿದರು. “ಗೊತ್ತಿಲ್ಲಮ್ಮ. ವಾಸಿ ಮಾಡೋನು ಅವನು. ನನ್ ತಮ್ಮನ್ಗೆ ಆಗ್ಲಿಲ್ಲ. ಆದ್ರೂ ಪ್ರತಿ ಗುರುವಾರ ನಿಲ್ತೀನಿ. ನಿಂತ್ರೆ ತಾನೆ ಕಾಣೋದು?”

ಆಮೇಲೆ ತಮ್ಮ ಪದ್ಧತಿಯಂತೆ ಚಾರ್ವಿಯ ಹಿಂದೆ ಹೋದರು. ಅವರು ಕರೆಯುವ ಮೊದಲೇ ಹೆಜ್ಜೆಯ ಸದ್ದಿಗೆ ಅವಳು ತಿರುಗಿಬಿಟ್ಟಳು. “ಅಯ್ಯೋ ಕಳ್ಳಿ, ತಿರ್ಗಬಾರ್ದು,” ಎಂದು ಅವಳನ್ನು ಮತ್ತೆ ಮುಂದಕ್ಕೆ ತಿರುಗಿಸಿ, ಕತ್ತಿನ ಮೇಲೆ, ಬಲಗಿವಿಯ ಯಂತ್ರದ ಪಕ್ಕದಲ್ಲಿ, ಮೆಲ್ಲಗೆ ಊದಿದರು.

“ತಾತಾ,” ಎಂದಳು ಚಾರ್ವಿ, ಕಣ್ಣರಳಿಸಿ. “ನೀನು ಊದಿದ್ದು ಕೇಳಿಸ್ತು. ಸಮುದ್ರದ ಥರ.”

ಪ್ಯಾರೇಜಾನ್ ಸಾಬರು ಆ ಸುಕ್ಕುಬೆರಳುಗಳನ್ನು ತಮ್ಮ ಮುಖದ ಮೇಲೆಳೆದುಕೊಂಡರು.

ಬಂಧುಗಳೇ, ನನ್ನ ಸ್ವಾಮಿಗೆ ನನ್ನ ವಂದನೆ ಸಂದಿದೆ. ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ದೊಡ್ಡ ಜ್ವರದಿಂದ ಎದ್ದ ಮಗುವಿದ್ದರೆ, ಇಂದು ಸಂಜೆ ದೀಪ ಹಚ್ಚಿದ ಮೇಲೆ ಅದರ ಬೆನ್ನ ಹಿಂದೆ ಎರಡು ಹೆಜ್ಜೆ ದೂರ ನಿಂತು, ಮುಟ್ಟದೆ, ಹೆಸರು ಹಿಡಿದು ಮೆಲ್ಲಗೆ ಕರೆಯಿರಿ. ತಿರುಗಿದರೂ ಒಮ್ಮೆ ಕಿವಿಯ ಪರೀಕ್ಷೆ ಮಾಡಿಸಿ. ತಿರುಗದಿದ್ದರೆ ನಾಳೆ ಬೆಳಗಿನ ಮೊದಲ ಬಸ್ಸು ಹತ್ತಿ.